ಮನೆ ಸ್ಲ್ಯಾಬಿನ ಕಾರ್ಬನ್ ಲೆಕ್ಕ ಹಾಕುವುದು ಹೇಗೆ? ಹತ್ತಿರದ ಪ್ಲಾಂಟಿನಿಂದ ತರಿಸಿದರೆ ಸಾಕಾ?

ನೆಲಮಂಗಲ_ಮನೆ

ಎಲ್ಲರಿಗೂ ನಮಸ್ಕಾರ. ನೆಲಮಂಗಲದ ಹತ್ತಿರ 12 ಚದರದ ಮನೆ ಕಟ್ಟಿಸುತ್ತಿದ್ದೇವೆ. ಪಾಯ, ಕಾಲಂ ಆಗಿದೆ. ಮುಂದಿನ ತಿಂಗಳು ಮೊದಲ ಸ್ಲ್ಯಾಬ್. ಬೀಮ್ ಸೇರಿ ಸುಮಾರು 20 ಘನ ಮೀಟರ್ ಕಾಂಕ್ರೀಟ್ ಬೇಕಂತೆ. ಗ್ರೇಡ್, ಅಂದರೆ ಕಾಂಕ್ರೀಟಿನ ಬಲದ ದರ್ಜೆ, ಎಂ25.

ನನ್ನ ಪ್ರಶ್ನೆ ದುಡ್ಡಿನದ್ದಲ್ಲ. ಪ್ರಪಂಚದಲ್ಲಿ ಮನುಷ್ಯರು ಹೊರಬಿಡುವ ಕಾರ್ಬನ್ ಡೈ ಆಕ್ಸೈಡಿನಲ್ಲಿ ಸಿಮೆಂಟಿನ ಪಾಲೇ ಶೇ. 7ರಿಂದ 8 ಅಂತ ಓದಿದೆ. ಅದರಲ್ಲಿ ನಮ್ಮ ಸ್ಲ್ಯಾಬಿನದ್ದು ಎಷ್ಟು, ಕಮ್ಮಿ ಮಾಡಲು ಆಗುತ್ತಾ ಅಂತ ತಿಳಿಯಬೇಕು.

ಮುಂದೆ ಮೂರು ದಾರಿ ಇವೆ. ಒಂದು, 8 ಕಿ.ಮೀ. ದೂರದ ರೆಡಿ ಮಿಕ್ಸ್ ಪ್ಲಾಂಟ್. ಅವರು ಪೂರ್ತಿ ಓಪಿಸಿ (ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್) ಹಾಕುತ್ತಾರೆ, ಘನ ಮೀಟರಿಗೆ 340 ಕೆ.ಜಿ. ಎರಡು, 30 ಕಿ.ಮೀ. ದೂರದ ಇನ್ನೊಂದು ಪ್ಲಾಂಟ್. ಅಲ್ಲಿ 200 ಕೆ.ಜಿ. ಓಪಿಸಿ, 140 ಕೆ.ಜಿ. ಸ್ಲ್ಯಾಗ್ ಪುಡಿ, ಅಂದರೆ ಉಕ್ಕಿನ ಕುಲುಮೆಯಲ್ಲಿ ಉಳಿಯುವ ಕಿಟ್ಟದ ಪುಡಿ. ಮೂರು, ಮೇಸ್ತ್ರಿ ಹೇಳುವ ಹಾಗೆ ಸೈಟಿನಲ್ಲೇ ಮಿಲ್ಲರ್ ಹಾಕಿ ಕಲಸುವುದು.

ಲಾರಿ ಓಡಾಟ ಕಮ್ಮಿ ಆದಷ್ಟೂ ಹೊಗೆ ಕಮ್ಮಿ, ಹಾಗಾಗಿ ಹತ್ತಿರದ್ದೇ ವಾಸಿ ಅಂತ ನನಗೆ ಅನ್ನಿಸುತ್ತಿದೆ. ಸರಿನಾ? ಲೆಕ್ಕ ಹಾಕುವ ದಾರಿ ಯಾರಾದರೂ ತಿಳಿಸಿಕೊಡಿ.

ಸುಮ್ನೆ_ಕೇಳ್ದೆ

ಹತ್ತಿರದ್ದೇ ತಗೊಳ್ಳಿ ಸರ್. ಆ ಮಿಕ್ಸರ್ ಗಾಡಿಗಳು ತುಮಕೂರು ರೋಡಲ್ಲಿ ಉಗುಳುವ ಹೊಗೆ ನೋಡಿದ್ದೀರಲ್ಲ. 30 ಕಿ.ಮೀ. ಬರಬೇಕು, ಮತ್ತೆ 30 ಖಾಲಿ ಹೋಗಬೇಕು.

ಜಲ್ಲಿ_ಮರಳು

ನಾನು ರೆಡಿ ಮಿಕ್ಸ್ ಪ್ಲಾಂಟಿನಲ್ಲಿ ಕ್ವಾಲಿಟಿ ನೋಡಿಕೊಳ್ಳುವವನು. ಹತ್ತಿರದ್ದೇ ವಾಸಿ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಲೆಕ್ಕ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ.

ಡೀಸೆಲ್ ಒಂದು ಲೀಟರ್ ಉರಿದರೆ ಸುಮಾರು 2.68 ಕೆ.ಜಿ. ಕಾರ್ಬನ್ ಡೈ ಆಕ್ಸೈಡ್. 6 ಘನ ಮೀಟರಿನ ಟ್ರಾನ್ಸಿಟ್ ಮಿಕ್ಸರ್ ಲೋಡ್ ಇದ್ದಾಗ ಲೀಟರಿಗೆ ಎರಡೂವರೆ ಕಿ.ಮೀ., ಖಾಲಿ ಇದ್ದಾಗ ಮೂರೂವರೆ ಕೊಡುತ್ತದೆ ಅಂದುಕೊಳ್ಳಿ. ಸೈಟಿನಲ್ಲಿ ಡ್ರಮ್ ತಿರುಗಿಸುತ್ತಾ ಕಾಯುವುದಕ್ಕೆ ಇನ್ನೊಂದು ಮೂರು ಲೀಟರ್.

8 ಕಿ.ಮೀ. ಪ್ಲಾಂಟಿಗೆ ಹೋಗಿ ಬರಲು ಎಂಟೂವರೆ ಲೀಟರ್. ಅಂದರೆ 23 ಕೆ.ಜಿ. ಅದನ್ನು 6ರಿಂದ ಭಾಗಿಸಿದರೆ ಘನ ಮೀಟರಿಗೆ 4 ಕೆ.ಜಿ. ಒಳಗೆ. 30 ಕಿ.ಮೀ. ಪ್ಲಾಂಟಿಗೆ 24 ಲೀಟರ್, ಅಂದರೆ ಘನ ಮೀಟರಿಗೆ 11 ಕೆ.ಜಿ. ವ್ಯತ್ಯಾಸ 7 ಕೆ.ಜಿ. ನಿಮ್ಮ 20 ಘನ ಮೀಟರಿಗೆ 140 ಕೆ.ಜಿ.

ಈಗ ಸಿಮೆಂಟ್ ನೋಡಿ. ಓಪಿಸಿ ಒಂದು ಕೆ.ಜಿ.ಗೆ ಸುಮಾರು 0.83 ಕೆ.ಜಿ. ಕಾರ್ಬನ್ ಡೈ ಆಕ್ಸೈಡ್. 340 ಕೆ.ಜಿ.ಗೆ 282. ಸ್ಲ್ಯಾಗ್ ಪುಡಿಗೆ ಅರೆಯುವುದು, ಒಣಗಿಸುವುದು ಅಷ್ಟೇ ಖರ್ಚು, ಕೆ.ಜಿ.ಗೆ 0.07 ಹಿಡಿಯಿರಿ. ಎರಡನೇ ಪ್ಲಾಂಟಿನ ಮಿಕ್ಸಿಗೆ 166 ಮತ್ತು 10, ಒಟ್ಟು 176. ಘನ ಮೀಟರಿಗೆ 106 ಕೆ.ಜಿ. ಉಳಿಯಿತು. 20 ಘನ ಮೀಟರಿಗೆ 2 ಟನ್ ದಾಟುತ್ತದೆ.

ಲಾರಿಯಲ್ಲಿ 140 ಕೆ.ಜಿ. ಉಳಿಸಲು ಹೋಗಿ ಸಿಮೆಂಟಿನಲ್ಲಿ 2 ಟನ್ ಕಳೆದುಕೊಳ್ಳುತ್ತೀರಿ.

ಸುಮ್ನೆ_ಕೇಳ್ದೆ

ಈ 0.83 ಎಲ್ಲಿಂದ ಬಂತು? ಎಲ್ಲರೂ ಒಂದೊಂದು ನಂಬರ್ ಹೇಳುತ್ತಾರೆ. ಒಬ್ಬರು 0.6, ಒಬ್ಬರು 0.9. ನಂಬುವುದು ಯಾವುದನ್ನು?

ರಸಾಯನ_ಟೀಚರ್

ಎಲ್ಲವೂ ಸರಿ ಇರಬಹುದು, ಅವರು ಬೇರೆ ಬೇರೆ ಸಿಮೆಂಟಿನ ಮಾತು ಆಡುತ್ತಿದ್ದರೆ. ಬುಡದಿಂದ ನೋಡೋಣ.

ಸುಣ್ಣದ ಕಲ್ಲು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. 100 ಗ್ರಾಂ ಕಲ್ಲನ್ನು ಸುಟ್ಟರೆ 56 ಗ್ರಾಂ ಸುಣ್ಣ ಉಳಿಯುತ್ತದೆ, 44 ಗ್ರಾಂ ಕಾರ್ಬನ್ ಡೈ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ಇದು ಕಲ್ಲಿದ್ದಲಿನ ಹೊಗೆಯಲ್ಲ, ಕಲ್ಲಿನ ಒಳಗೇ ಇದ್ದದ್ದು. ಸೋಲಾರ್ ಶಾಖ ಕೊಟ್ಟು ಸುಟ್ಟರೂ ಬಂದೇ ಬರುತ್ತದೆ.

ಸುಣ್ಣದ ಕಲ್ಲು, ಜೇಡಿಮಣ್ಣು ಸೇರಿಸಿ ಗೂಡಿನಲ್ಲಿ ಸುಟ್ಟಾಗ ಬರುವ ಗಟ್ಟಿ ಉಂಡೆಗಳೇ ಕ್ಲಿಂಕರ್, ಅದನ್ನು ಅರೆದರೆ ಸಿಮೆಂಟ್. ಅದರಲ್ಲಿ ಸುಮಾರು ಶೇ. 65 ಸುಣ್ಣ. ಹಾಗಾಗಿ ಒಂದು ಟನ್ ಕ್ಲಿಂಕರಿಗೆ ಕಲ್ಲಿನಿಂದಲೇ 510 ಕೆ.ಜಿ., ಮೆಗ್ನೀಷಿಯಂ ಸೇರಿಸಿದರೆ 520ರ ಸುತ್ತ. ಮೇಲೆ ಗೂಡಿಗೆ 1450 ಡಿಗ್ರಿ ಶಾಖ ಬೇಕು. ಅದಕ್ಕೆ ಕಲ್ಲಿದ್ದಲು, ಪೆಟ್‌ಕೋಕ್. ಒಳ್ಳೆಯ ಗೂಡಿನಲ್ಲಿ ಒಂದು ಟನ್‌ಗೆ 3.1 ಗಿಗಾ ಜೂಲ್ ಆಸುಪಾಸು, ಅದರಿಂದ 300 ಕೆ.ಜಿ. ಒಟ್ಟು 820.

ಮಕ್ಕಳಿಗೆ ತೋರಿಸಲು ಒಂದು ಸುಲಭದ ದಾರಿ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಚೂರಿನ ಮೇಲೆ ಲ್ಯಾಬಿನ ಹೈಡ್ರೋಕ್ಲೋರಿಕ್ ಆಸಿಡ್ ಎರಡು ಹನಿ ಬಿಡಿ. ಬುಸ್ ಅಂತ ನೊರೆ ಬರುತ್ತದೆ. ಅದು ಕಾರ್ಬನ್ ಡೈ ಆಕ್ಸೈಡೇ. ಸಿಮೆಂಟ್ ಗೂಡಿನಲ್ಲಿ ಶಾಖ ಮಾಡುವ ಕೆಲಸವನ್ನು ಇಲ್ಲಿ ಆಸಿಡ್ ಮಾಡುತ್ತದೆ.

ಸೇಡಂ_ಹುಡುಗ

ಟೀಚರಮ್ಮ ಸರಿಯಾಗಿ ಹೇಳಿದರು. ನಮ್ಮ ಸೇಡಂ, ಮಳಖೇಡ, ವಾಡಿ, ಶಹಾಬಾದ್ ಕಡೆ ಎಲ್ಲಾ ಅದೇ ಕಲ್ಲು. ಮನೆ ನೆಲಕ್ಕೆ ಹಾಸುವುದೂ ಅದೇ, ಗೂಡಿಗೆ ಹಾಕುವುದೂ ಅದೇ. ಪಾಲಿಷ್ ಮಾಡಿದ ಕಟ್ಟೆ ಮೇಲೆ ಹುಣಸೆಹುಳಿ ಚೆಲ್ಲಿ ಒರೆಸದೆ ಬಿಟ್ಟರೆ ಕಲೆ ಬೀಳುವುದೂ ಅದಕ್ಕೇ.

ಒಂದು ಸೇರಿಸುತ್ತೇನೆ. ಗೂಡು ಬಿಟ್ಟು ಕರೆಂಟ್ ಬೇರೆ. ಕಲ್ಲು ಪುಡಿ ಮಾಡುವುದರಿಂದ ಹಿಡಿದು ಸಿಮೆಂಟ್ ಅರೆಯುವ ತನಕ ಟನ್‌ಗೆ 75 ಯೂನಿಟ್ ಅಂದುಕೊಂಡರೆ, ನಮ್ಮ ದೇಶದ ಗ್ರಿಡ್ಡಿನಲ್ಲಿ ಯೂನಿಟ್ಟಿಗೆ ಸುಮಾರು 0.7 ಕೆ.ಜಿ., 50 ಕೆ.ಜಿ. ಚಿಲ್ಲರೆ ಆಯಿತು. ಗೂಡಿನ ಬಿಸಿಗಾಳಿಯಿಂದಲೇ ಕರೆಂಟ್ ತೆಗೆಯುವ ಕಾರ್ಖಾನೆಗಳಲ್ಲಿ ಇದು ಇನ್ನೂ ಕಮ್ಮಿ.

ಓಪಿಸಿಯಲ್ಲಿ ಶೇ. 95 ಕ್ಲಿಂಕರ್, ಉಳಿದದ್ದು ಜಿಪ್ಸಂ. 820ರ ಶೇ. 95ಕ್ಕೆ ಕರೆಂಟ್ ಸೇರಿಸಿದರೆ ಟನ್‌ಗೆ 830 ಕೆ.ಜಿ., ಅದೇ ನೀವು ಕೇಳಿದ 0.83. ಪಿಪಿಸಿ ಅನ್ನುವ ಬೆರಕೆ ಸಿಮೆಂಟಿನಲ್ಲಿ ಹಾರುಬೂದಿ (ಕಲ್ಲಿದ್ದಲು ಉರಿದು ಉಳಿದ ಬೂದಿ) ಇರುವುದರಿಂದ ಕ್ಲಿಂಕರ್ ಶೇ. 60ರ ಆಚೀಚೆ. ಆಗ 550ಕ್ಕೆ ಇಳಿಯುತ್ತದೆ. ಸ್ಲ್ಯಾಗ್ ಸಿಮೆಂಟ್ ಇನ್ನೂ ಕೆಳಗೆ, ಸ್ಲ್ಯಾಗ್ ಅರ್ಧ ಇದ್ದರೆ 420ರ ಹತ್ತಿರ. 0.6 ಅಂದವರು ಪಿಪಿಸಿ ಹೇಳಿದ್ದಾರೆ, 0.9 ಅಂದವರು ಹಳೇ ಗೂಡಿನ ಓಪಿಸಿ ಹೇಳಿದ್ದಾರೆ. ಕ್ಲಿಂಕರ್ ಎಷ್ಟು ಅಂತ ಕೇಳದೆ ನಂಬರ್ ಹೇಳಿದರೆ ಪ್ರಯೋಜನ ಇಲ್ಲ.

ಸುಮ್ನೆ_ಕೇಳ್ದೆ

ಸರಿ, ಅದು ಗೊತ್ತಾಯಿತು. ಆದರೆ ಸಿಮೆಂಟ್ ವಾಡಿಯಿಂದ ಬೆಂಗಳೂರಿಗೆ ಬರಲು 550 ಕಿ.ಮೀ. ಮೇಲೆ. ಆ ಲಾರಿ ಲೆಕ್ಕ ಬಿಟ್ಟು ಬರೀ ಮಿಕ್ಸರ್ ಗಾಡಿ ಹಿಡಿದರೆ ಹೇಗೆ?

ಜಲ್ಲಿ_ಮರಳು

ಒಳ್ಳೆಯ ಪ್ರಶ್ನೆ. 25 ಟನ್ ಹೊರುವ ಲಾರಿ ಅಂದುಕೊಳ್ಳಿ. ಲೋಡಿನಲ್ಲಿ 550 ಕಿ.ಮೀ.ಗೆ 150 ಲೀಟರ್, ವಾಪಸ್ ಪೂರ್ತಿ ಖಾಲಿ ಹೋಯಿತು ಅಂದರೂ 110 ಲೀಟರ್. ಒಟ್ಟು 700 ಕೆ.ಜಿ., ಟನ್‌ಗೆ 28. ನಿಮ್ಮ ಒಂದು ಘನ ಮೀಟರಿನ 340 ಕೆ.ಜಿ. ಸಿಮೆಂಟಿಗೆ ಒಂಬತ್ತೂವರೆ ಕೆ.ಜಿ. ಅಷ್ಟೇ. ಅದೇ ಸಿಮೆಂಟ್ ಹುಟ್ಟುವಾಗ 282.

ಬಹಳಷ್ಟು ಸಿಮೆಂಟ್ ರೈಲಿನಲ್ಲಿ ಗೂಡ್ಸ್ ಶೆಡ್‌ಗೆ ಬಂದು ಇಳಿಯುತ್ತದೆ. ಆಗ ಇದಕ್ಕಿಂತ ತುಂಬಾ ಕಮ್ಮಿ. ಇನ್ನು ಕೆಲವು ಕಂಪನಿಗಳು ಕ್ಲಿಂಕರನ್ನಷ್ಟೇ ಕಲಬುರಗಿ ಕಡೆಯಿಂದ ತಂದು, ಬೂದಿ ಅಥವಾ ಸ್ಲ್ಯಾಗ್ ಸೇರಿಸಿ ಊರ ಹತ್ತಿರ ಅರೆಯುತ್ತವೆ. ಗೌರಿಬಿದನೂರು ಹತ್ತಿರದ ತೊಂಡೇಬಾವಿ, ಬಳ್ಳಾರಿ ಹತ್ತಿರದ ಕುಡತಿನಿ, ಕೊಪ್ಪಳದ ಗಿಣಿಗೇರಾ, ಇವೆಲ್ಲ ಅರೆಯುವ ಘಟಕಗಳೇ. ಗೂಡು ಇಲ್ಲ.

ಟಿಪ್ಪರ್_ಗೌಡ

ಜಲ್ಲಿ, ಎಂ ಸ್ಯಾಂಡ್ ಮರೆತುಬಿಟ್ಟಿರಲ್ಲ ಸ್ವಾಮಿ. ತೂಕದಲ್ಲಿ ಅದೇ ಜಾಸ್ತಿ. ಒಂದು ಘನ ಮೀಟರ್ ಕಾಂಕ್ರೀಟ್ 2400 ಕೆ.ಜಿ. ಇದ್ದರೆ ಅದರಲ್ಲಿ ಹತ್ತಿರ ಹತ್ತಿರ 1850 ಕೆ.ಜಿ. ಕಲ್ಲೇ.

ನಮ್ಮದು ಚಿಕ್ಕಬಳ್ಳಾಪುರ ಕಡೆ. ಹತ್ತು ಚಕ್ರದ ಟಿಪ್ಪರ್, 16 ಟನ್ ಹಾಕುತ್ತೇವೆ. ಲೋಡಿನಲ್ಲಿ ಲೀಟರಿಗೆ ಮೂರು, ಖಾಲಿಯಲ್ಲಿ ನಾಲ್ಕು. ಕ್ರಷರಿನಿಂದ 40 ಕಿ.ಮೀ. ಅಂದರೆ ಹೋಗಿ ಬರಲು 23 ಲೀಟರ್ ಚಿಲ್ಲರೆ. ನಿಮ್ಮ 2.68 ಹಾಕಿ ಗುಣಿಸಿ. ಇನ್ನೊಂದು ವಿಷಯ, ಏರಿನ ರಸ್ತೆ, ಟ್ರಾಫಿಕ್ ಸಿಕ್ಕರೆ ಮೂರು ಎರಡೂವರೆ ಆಗುತ್ತದೆ. ಕಾಗದದ ಮೇಲಿನ ಮೈಲೇಜ್ ನಂಬಬೇಡಿ, ಡ್ರೈವರನ್ನು ಕೇಳಿ.

ಜಲ್ಲಿ_ಮರಳು

ಗೌಡ್ರೇ, ತುಂಬಾ ಉಪಕಾರ. ಇಂಥ ಅಂಕಿಯೇ ಬೇಕಾಗಿದ್ದದ್ದು. 62 ಕೆ.ಜಿ. ಭಾಗ 16, ಟನ್‌ಗೆ 4 ಕೆ.ಜಿ. ಹತ್ತಿರ. ಘನ ಮೀಟರಿಗೆ 7. ಕಲ್ಲು ಸಿಡಿಸಿ, ಕ್ರಷರಿನಲ್ಲಿ ಒಡೆಯುವುದಕ್ಕೆ ಟನ್‌ಗೆ 5 ಹಿಡಿದರೆ ಇನ್ನೊಂದು 9.

ಎಲ್ಲಾ ಕೂಡಿಸುತ್ತೇನೆ. ಅಡ್‌ಮಿಕ್ಸ್ಚರ್ (ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕ), ಬ್ಯಾಚಿಂಗ್ ಪ್ಲಾಂಟಿನ ಕರೆಂಟ್ ಸೇರಿ 5 ಹಾಕಿದ್ದೇನೆ. ಹತ್ತಿರದ ಪ್ಲಾಂಟಿನ ಓಪಿಸಿ ಮಿಕ್ಸ್ ಘನ ಮೀಟರಿಗೆ 316. ದೂರದ ಪ್ಲಾಂಟಿನ ಸ್ಲ್ಯಾಗ್ ಮಿಕ್ಸ್, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಸ್ಲ್ಯಾಗ್ ತರುವ ಲಾರಿ ಸೇರಿ, 216ರ ಹತ್ತಿರ. ಸ್ಲ್ಯಾಬಿಗೆ 6.3 ಟನ್, ಇಲ್ಲವೇ 4.3 ಟನ್.

ಸಾಗಾಟದ ಪಾಲು ಮೊದಲನೆಯದರಲ್ಲಿ ನೂರಕ್ಕೆ ಆರೇಳು. ಎರಡನೆಯದರಲ್ಲಿ ನೂರಕ್ಕೆ 12. ಸಿಮೆಂಟ್ ಚೊಕ್ಕ ಆದಷ್ಟೂ ಲಾರಿ ಪಾಲು ಎದ್ದು ಕಾಣುತ್ತದೆ. ಆದ್ದರಿಂದ ಸಾಗಾಟ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮೊದಲು ಕ್ಲಿಂಕರ್ ಇಳಿಸಿ, ಆಮೇಲೆ ಕಿಲೋಮೀಟರ್ ಎಣಿಸಿ.

ಮೇಸ್ತ್ರಿ_ಮಗ

ಅಪ್ಪ ಮೇಸ್ತ್ರಿ, ನಾನೂ ಅದೇ ಕೆಲಸ. ಈ ಸ್ಲ್ಯಾಗ್, ಬೂದಿ ಸಹವಾಸ ಸ್ಲ್ಯಾಬಿಗೆ ಬೇಡ. ಬೇಗ ಗಟ್ಟಿ ಆಗುವುದಿಲ್ಲ. ಸೆಂಟ್ರಿಂಗ್ (ಸ್ಲ್ಯಾಬಿಗೆ ಕೆಳಗಿನಿಂದ ಕೊಟ್ಟ ಆಸರೆ) ಬಿಚ್ಚುವಾಗ ಎದೆ ಹೊಡೆದುಕೊಳ್ಳುತ್ತದೆ. ಓಪಿಸಿ 53 ಹಾಕಿ, ಸೈಟಿನಲ್ಲೇ ಕಣ್ಣೆದುರು ಕಲಸಿ. ಕಾರ್ಬನ್ ಆಮೇಲೆ, ಮನೆ ನಿಲ್ಲಬೇಕು ಮೊದಲು.

ಬೀಮ್_ಕಾಲಂ

ನಾನು ಸ್ಟ್ರಕ್ಚರಲ್ ಎಂಜಿನಿಯರ್. ಮನೆ ನಿಲ್ಲಬೇಕು ಮೊದಲು ಅನ್ನುವುದು ನೂರಕ್ಕೆ ನೂರು ನಿಜ. ಉಳಿದದ್ದನ್ನು ಒಪ್ಪುವುದಿಲ್ಲ.

ಸ್ಲ್ಯಾಗ್ ಕಾಂಕ್ರೀಟ್ ಮೊದಮೊದಲು ನಿಧಾನ. 28 ದಿನದ ಹೊತ್ತಿಗೆ ಸಮ ಆಗುತ್ತದೆ, ಆಮೇಲೂ ಬಲ ಏರುತ್ತಾ ಹೋಗುತ್ತದೆ. ನಿಧಾನ ಅನ್ನುವುದನ್ನು ಲೆಕ್ಕಕ್ಕೆ ತಗೊಂಡರೆ ಆಯಿತು. ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಕೋಡ್ ಐಎಸ್ 456 ಪ್ರಕಾರ ಓಪಿಸಿಗೆ ಕನಿಷ್ಠ 7 ದಿನ ಕ್ಯೂರಿಂಗ್ (ನೀರು ಹಾಕಿ ತೇವ ಇಡುವುದು), ಬೂದಿ ಅಥವಾ ಸ್ಲ್ಯಾಗ್ ಇದ್ದರೆ ಕನಿಷ್ಠ 10 ದಿನ. ಒಣ ಬಿಸಿಲಿದ್ದರೆ 14 ದಿನ ಸ್ಲ್ಯಾಬಿನ ಮೇಲೆ ನೀರು ಕಟ್ಟಿ ನಿಲ್ಲಿಸಿ.

ಇನ್ನು ಸೈಟ್ ಮಿಕ್ಸ್. ಎಂ25ಕ್ಕೆ ಸಿಮೆಂಟ್, ಮರಳು, ಜಲ್ಲಿ 1:1:2 ಅಂತ ಬಾಂಡ್ಲಿ ಅಳತೆಯಲ್ಲಿ ಕಲಸುತ್ತಾರೆ. ಅದರಲ್ಲಿ ಘನ ಮೀಟರಿಗೆ 11 ಮೂಟೆ ಬೀಳುತ್ತದೆ, 550 ಕೆ.ಜಿ. ಓಪಿಸಿಯಲ್ಲಿ ಬರೀ ಸಿಮೆಂಟಿನದ್ದೇ 450 ಕೆ.ಜಿ. ಕಾರ್ಬನ್ ಡೈ ಆಕ್ಸೈಡ್! ಮೇಲಿನ ಮೂರು ದಾರಿಗಳಲ್ಲಿ ಇದೇ ಅತಿ ಕೆಟ್ಟದ್ದು, ಸಾಗಾಟ ಕಮ್ಮಿ ಇದ್ದರೂ. ಅದೂ ಅಲ್ಲದೆ ಹೀಗೆ ಅನುಪಾತದ ಮೇಲೆ ಕಲಸಲು ಕೋಡ್ ಒಪ್ಪುವುದು ಎಂ20ರ ತನಕ ಮಾತ್ರ. ಎಂ25 ಅಂದರೆ ಮಿಕ್ಸ್ ಡಿಸೈನ್ (ಯಾವುದು ಎಷ್ಟು ಅಂತ ಪರೀಕ್ಷೆ ಮಾಡಿ ನಿಗದಿ ಮಾಡುವುದು) ಆಗಲೇಬೇಕು.

ಮೇಸ್ತ್ರಿ_ಮಗ

ಸರ್, ಪುಸ್ತಕದಲ್ಲಿ 10 ದಿನ ಅಂತಿದೆ. ಸೈಟಿನಲ್ಲಿ ಐದನೇ ದಿನಕ್ಕೆ ಮೇಲೆ ಇಟ್ಟಿಗೆ ಇಳಿಸುತ್ತಾರೆ ಓನರ್‌ಗಳು. ಬಾಡಿಗೆ ಪ್ಲೇಟ್, ಜಾಕಿ ವಾಪಸ್ ಕೊಡಿ ಅಂತ ಸೆಂಟ್ರಿಂಗಿನವರು ದಿನಾ ಫೋನ್ ಮಾಡುತ್ತಾರೆ. ನಾಳೆ ಬಿರುಕು ಬಂದರೆ ಬೈಸಿಕೊಳ್ಳುವುದು ಯಾರು? ನಾವು. ಅದಕ್ಕೇ ಓಪಿಸಿ ಕೇಳುವುದು.

ಬೀಮ್_ಕಾಲಂ

ಈ ಮಾತನ್ನು ನಾನು ಮನಸ್ಸಿನಿಂದ ಒಪ್ಪುತ್ತೇನೆ ಅಣ್ಣ. ಸೆಂಟ್ರಿಂಗ್ ಬಾಡಿಗೆಯನ್ನು ಒಂದು ವಾರ ಜಾಸ್ತಿ ಕೊಡಲು ಓನರ್ ತಯಾರಿರಬೇಕು. ಅದು ಮೊದಲೇ ಮಾತಾಗಬೇಕು, ಸ್ಲ್ಯಾಬ್ ಹಾಕಿದ ಮೇಲಲ್ಲ.

ಕರಾವಳಿ_ಕಟ್ಟಡ

ನಮ್ಮ ಉಡುಪಿ ಕಡೆ ಸ್ಲ್ಯಾಗ್ ಸಿಮೆಂಟೇ ಒಳ್ಳೆಯದು ಮಾರಾಯ್ರೆ. ಸಮುದ್ರದ ಉಪ್ಪುಗಾಳಿಗೆ ಕಂಬಿ ತುಕ್ಕು ಹಿಡಿಯುವುದು ನಮ್ಮ ದೊಡ್ಡ ತಲೆಬಿಸಿ. ಸ್ಲ್ಯಾಗ್ ಇದ್ದ ಕಾಂಕ್ರೀಟಿನೊಳಗೆ ಉಪ್ಪು ಇಳಿಯುವುದು ನಿಧಾನ. ಕಾರ್ಬನ್ ಉಳಿಯಿತು, ಕಂಬಿಯೂ ಉಳಿಯಿತು. ಬಾಳಿಕೆ ಬಂದಷ್ಟೂ ಮತ್ತೆ ಕಟ್ಟುವ ಕೆಲಸ ಇಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ?

ಸ್ಟಾಕ್‌ಹೋಮ್_ಕನ್ನಡತಿ

ಸ್ವೀಡನ್ನಿನಲ್ಲಿ ಕಟ್ಟಡಗಳ ಕಾರ್ಬನ್ ಲೆಕ್ಕ ಮಾಡುವುದೇ ನನ್ನ ಕೆಲಸ. ಇಲ್ಲಿ 2022ರ ಜನವರಿ 1ರಿಂದ ಹೆಚ್ಚಿನ ಹೊಸ ಕಟ್ಟಡಗಳಿಗೆ ಈ ಲೆಕ್ಕವನ್ನು ಸರ್ಕಾರಕ್ಕೆ ಸಲ್ಲಿಸುವುದು ಕಡ್ಡಾಯ. ಇಲ್ಲಿ ಬರೆದಿರುವ ಲೆಕ್ಕದ ದಾರಿ ಸರಿಯಾಗಿದೆ. ಎರಡು ಮಾತು ಸೇರಿಸುತ್ತೇನೆ.

ನಾವು ಹಂತಗಳಿಗೆ ಹೆಸರು ಕೊಡುತ್ತೇವೆ. ಎ1 ಕಚ್ಚಾ ವಸ್ತು, ಎ2 ಅದನ್ನು ಕಾರ್ಖಾನೆಗೆ ತರುವುದು, ಎ3 ತಯಾರಿಕೆ, ಎ4 ಸೈಟಿಗೆ ಸಾಗಾಟ, ಎ5 ಸೈಟಿನ ಕೆಲಸ ಮತ್ತು ಅಲ್ಲಿ ಹಾಳಾಗುವುದು. ಯಾರಾದರೂ ಒಂದು ನಂಬರ್ ಕೊಟ್ಟರೆ, ಅದು ಎಲ್ಲಿಂದ ಎಲ್ಲಿಯ ತನಕ ಅಂತ ಮೊದಲು ಕೇಳಿ. ಹೆಚ್ಚಿನ ಕಂಪನಿಗಳು ಎ3ಕ್ಕೆ ನಿಲ್ಲಿಸಿರುತ್ತವೆ. ಅದನ್ನು ಎ5 ತನಕ ಇರುವ ಇನ್ನೊಂದರ ಜೊತೆ ಹೋಲಿಸಿದರೆ ಲೆಕ್ಕ ಕೆಡುತ್ತದೆ.

ಎರಡನೆಯದು, ಯುರೋಪಿನ ಪಟ್ಟಿಯಿಂದ ಅಂಕಿ ಎತ್ತಿ ಕರ್ನಾಟಕಕ್ಕೆ ಹಾಕಬೇಡಿ. ಇಲ್ಲಿನ ಕರೆಂಟ್ ಬಹುಪಾಲು ನೀರಿನದು, ಅಣುಶಕ್ತಿಯದು, ಗಾಳಿಯದು. ನಿಮ್ಮಲ್ಲಿ ಕಲ್ಲಿದ್ದಲು. ಭಾರತದ ಕಟ್ಟಡ ಸಾಮಗ್ರಿಗಳಿಗೆಂದೇ ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ 2017ರಲ್ಲಿ ಒಂದು ದತ್ತಾಂಶ ಪಟ್ಟಿ ಹೊರತಂದಿದೆ. ಅದು ಹೆಚ್ಚು ಹೊಂದುತ್ತದೆ.

ಜಲ್ಲಿ_ಮರಳು

ಮೇಡಂ, ಎ5 ಅಂದಿರಲ್ಲ, ಅದು ನಮ್ಮಲ್ಲಿ ದೊಡ್ಡ ಸಮಸ್ಯೆ. 20 ಬೇಕಾದ ಕಡೆ ಇರಲಿ ಅಂತ 20.5 ಹೇಳುತ್ತಾರೆ. ಉಳಿದ ಅರ್ಧ ಘನ ಮೀಟರ್ ಖಾಲಿ ಸೈಟಿನಲ್ಲಿ ಸುರಿದು ಹೋಗುತ್ತಾರೆ. ಓಪಿಸಿ ಮಿಕ್ಸ್ ಆದರೆ ಅಲ್ಲಿಗೆ 158 ಕೆ.ಜಿ. ಕಾರ್ಬನ್ ಡೈ ಆಕ್ಸೈಡ್ ದಂಡ. ಇಡೀ ಸ್ಲ್ಯಾಬಿಗೆ 8 ಮತ್ತು 30 ಕಿ.ಮೀ. ನಡುವಿನ ಸಾಗಾಟದ ವ್ಯತ್ಯಾಸ 140 ಕೆ.ಜಿ. ಇತ್ತಲ್ಲ, ಅದಕ್ಕಿಂತ ಇದೇ ಜಾಸ್ತಿ.

ಕೊನೇ ಗಾಡಿ ಕಳಿಸುವ ಮುಂಚೆ, ಎಷ್ಟು ಜಾಗ ಉಳಿದಿದೆ ಅಂತ ಟೇಪ್ ಹಿಡಿದು ಅಳೆದು ಹೇಳಿ. ಪ್ಲಾಂಟಿನವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಬೀಮ್_ಕಾಲಂ

ಯಾರೂ ಕಂಬಿ ಮಾತೇ ಎತ್ತಿಲ್ಲ. ಸ್ಲ್ಯಾಬ್, ಬೀಮ್ ಸೇರಿ ಘನ ಮೀಟರಿಗೆ 90 ಕೆ.ಜಿ. ಕಂಬಿ ಅಂದುಕೊಳ್ಳಿ. 20ಕ್ಕೆ 1800 ಕೆ.ಜಿ. ಭಾರತದ ಉಕ್ಕಿಗೆ ಸರಾಸರಿ ಒಂದು ಟನ್‌ಗೆ ಎರಡೂವರೆ ಟನ್ ಕಾರ್ಬನ್ ಡೈ ಆಕ್ಸೈಡ್ ಅಂತ ಉಕ್ಕು ಸಚಿವಾಲಯವೇ ಹೇಳುತ್ತದೆ. ಅಲ್ಲಿಗೆ 4.5 ಟನ್. ಸ್ಲ್ಯಾಗ್ ಕಾಂಕ್ರೀಟಿನ 4.3 ಟನ್‌ಗಿಂತ ಒಂದು ಕೈ ಮೇಲೇ. ಸ್ಕ್ರ್ಯಾಪ್ ಕರಗಿಸಿ ಮಾಡಿದ ಕಂಬಿಗೆ ಇದು ಇಳಿಯುತ್ತದೆ, ಅದಿರಿನಿಂದ ಮಾಡಿದ ಸ್ಪಾಂಜ್ ಐರನ್ ಜಾಸ್ತಿ ಹಾಕಿದರೆ ಏರುತ್ತದೆ.

ಎಷ್ಟೋ ಮನೆಗಳಲ್ಲಿ ಡ್ರಾಯಿಂಗಿನಲ್ಲಿ 8 ಎಂಎಂ ಇದ್ದರೂ ಗಟ್ಟಿ ಇರಲಿ ಅಂತ 10 ಎಂಎಂ ಕಟ್ಟಿಸುತ್ತಾರೆ. 5 ಇಂಚಿನ ಸ್ಲ್ಯಾಬನ್ನು 6 ಇಂಚು ಮಾಡಿಸುತ್ತಾರೆ. ಭಾರ ಏರಿತು, ಬೀಮಿನ ಮೇಲೆ ಹೊರೆ ಏರಿತು, ಕಾರ್ಬನ್ ಏರಿತು, ಭದ್ರತೆ ಏರಲಿಲ್ಲ. ಒಳ್ಳೆಯ ಡಿಸೈನಿಗೆ ದುಡ್ಡು ಕೊಡಿ. ಕಾರ್ಬನ್ ಉಳಿಸುವ ಅತಿ ಅಗ್ಗದ ದಾರಿ ಅದು.

ನೆಲಮಂಗಲ_ಮನೆ

ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ನಮ್ಮ ಡ್ರಾಯಿಂಗಿನಲ್ಲಿ 5 ಇಂಚೇ ಇದೆ. ನಮ್ಮ ಮಾವನವರು 6 ಮಾಡಿಸಿ ಅಂತ ಹಟ ಹಿಡಿದಿದ್ದಾರೆ. ಈ ಪುಟ ಓದಿಸುತ್ತೇನೆ.

ಮಣ್ಣಿನ_ಮನೆ

ಎಲ್ಲರೂ ಸಿಮೆಂಟ್ ಬಿಟ್ಟು ಬೇರೆ ಇಲ್ಲ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಕೃಷ್ಣರಾಜಸಾಗರ ಅಣೆಕಟ್ಟು 1911ರಲ್ಲಿ ಶುರುವಾಗಿದ್ದು ಸುಣ್ಣ ಮತ್ತು ಸುರ್ಕಿ ಗಾರೆಯಲ್ಲಿ. ಇವತ್ತಿಗೂ ಕಾವೇರಿ ನೀರು ಹಿಡಿದು ನಿಂತಿದೆ. ಗೋಡೆಗಾದರೂ ಮಣ್ಣಿನ ಬ್ಲಾಕ್ ಬಳಸಿ. ನಮ್ಮ ಐಐಎಸ್‌ಸಿಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರು ಮಾಡಿದ ಅಸ್ತ್ರ ಕೇಂದ್ರ, ಅಲ್ಲಿ ಕೆ.ಎಸ್. ಜಗದೀಶ್ ಅವರ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಶೇ. 7, 8 ಸಿಮೆಂಟ್ ಸೇರಿಸಿ ಮಣ್ಣನ್ನು ಮಿಷನ್ನಿನಲ್ಲಿ ಒತ್ತುವುದು, ಸುಡುವ ಮಾತೇ ಇಲ್ಲ. ಸೈಟಿನ ಮಣ್ಣೇ ಆದರೆ ಲಾರಿಯೂ ಇಲ್ಲ.

ಸುಮ್ನೆ_ಕೇಳ್ದೆ

ಸುಣ್ಣ ಸುಟ್ಟರೂ ಕಾರ್ಬನ್ ಬರುತ್ತದಲ್ಲ? ಟೀಚರ್ ಹೇಳಿದ 44 ಗ್ರಾಂ ಅಲ್ಲೂ ಇದೆ ತಾನೆ?

ರಸಾಯನ_ಟೀಚರ್

ಹೌದು, ಅಲ್ಲೂ ಅದೇ 44. ಆದರೆ ಸುಣ್ಣದ ಗೂಡಿಗೆ 900 ಡಿಗ್ರಿ ಸಾಕು, 1450 ಬೇಡ. ಜೊತೆಗೆ ಸುಣ್ಣದ ಗಾರೆ ಗಟ್ಟಿಯಾಗುವಾಗ ಗಾಳಿಯಿಂದ ಕಾರ್ಬನ್ ಡೈ ಆಕ್ಸೈಡನ್ನು ವಾಪಸ್ ತಗೊಳ್ಳುತ್ತದೆ.

ಸುರ್ಕಿ ವಿಷಯ ಬಂದಿದ್ದು ಒಳ್ಳೆಯದಾಯಿತು. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುಟ್ಟ ಜೇಡಿಮಣ್ಣು. ಅದು ಸುಣ್ಣದ ಜೊತೆ ಸೇರಿ ನೀರಿನಲ್ಲೂ ಗಟ್ಟಿಯಾಗುತ್ತದೆ. ಈಗ ಎಲ್‌ಸಿ3 ಅಂತ ಹೊಸ ಸಿಮೆಂಟ್ ಬರುತ್ತಿದೆ. ಅದರಲ್ಲಿ ಕ್ಲಿಂಕರ್ ಅರ್ಧ, ಸುಟ್ಟ ಜೇಡಿಮಣ್ಣು ಸುಮಾರು ಶೇ. 30, ಸುಡದ ಸುಣ್ಣದ ಕಲ್ಲಿನ ಪುಡಿ ಶೇ. 15, ಉಳಿದದ್ದು ಜಿಪ್ಸಂ. ಜೇಡಿಮಣ್ಣಿಗೆ 800 ಡಿಗ್ರಿ ಆಸುಪಾಸು ಸಾಕು, ಅದರಿಂದ ಕಾರ್ಬನ್ ಬಿಡುಗಡೆ ಆಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ಸ್ವಿಟ್ಜರ್ಲೆಂಡಿನವರ ಜೊತೆ ದೆಹಲಿ ಮತ್ತು ಮದ್ರಾಸ್ ಐಐಟಿಗಳು ಇದರಲ್ಲಿ ದುಡಿದಿವೆ. 2023ರಲ್ಲಿ ನಮ್ಮ ಮಾನಕ ಸಂಸ್ಥೆ ಬಿಐಎಸ್ ಇದಕ್ಕೆ ಐಎಸ್ 18189 ಅಂತ ಮಾನಕವನ್ನೂ ಕೊಟ್ಟಿದೆ. ಕೆಆರ್‌ಎಸ್ ಗಾರೆಯಲ್ಲಿ ಸುರ್ಕಿ ಮಾಡಿದ ಕೆಲಸವನ್ನೇ ಇಲ್ಲಿ ಸುಟ್ಟ ಜೇಡಿಮಣ್ಣು ಮಾಡುತ್ತದೆ. ನನಗೆ ಇದು ಓದಿದಾಗ ತುಂಬಾ ಖುಷಿಯಾಗಿತ್ತು.

ಸುಮ್ನೆ_ಕೇಳ್ದೆ

ವಾಪಸ್ ತಗೊಳ್ಳುತ್ತದೆ ಅಂದಿರಲ್ಲ. ಸಿಮೆಂಟ್ ಕಾಂಕ್ರೀಟೂ ಹೀರಿಕೊಳ್ಳುತ್ತದೆ ಅಂತ ಕೇಳಿದ್ದೇನೆ. ಹಾಗಾದರೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ?

ಬೀಮ್_ಕಾಲಂ

ಹೀರುತ್ತದೆ, ನಿಜ. 1930ರಿಂದ 2013ರ ತನಕ ಪ್ರಪಂಚದ ಸಿಮೆಂಟ್ ತಯಾರಿಕೆಯಲ್ಲಿ ಕಲ್ಲಿನಿಂದ ಹೊರಟ ಕಾರ್ಬನ್ನಿನಲ್ಲಿ ಶೇ. 43ರಷ್ಟನ್ನು ಸಿಮೆಂಟ್ ವಸ್ತುಗಳು ವಾಪಸ್ ಹೀರಿವೆ ಅಂತ 2016ರ ಒಂದು ಅಧ್ಯಯನ ಅಂದಾಜು ಮಾಡಿತ್ತು. ಆದರೆ ಕಲ್ಲಿದ್ದಲಿನ ಹೊಗೆ ಅದರಲ್ಲಿ ಸೇರಿಲ್ಲ. ಅದರಲ್ಲಿ ದೊಡ್ಡ ಪಾಲು ತೆಳುವಾದ ಪ್ಲಾಸ್ಟರ್, ಗಾರೆಯದ್ದು. ದಪ್ಪ ಕಾಂಕ್ರೀಟಿನ ಒಳಗೆ ಇದು ತುಂಬಾ ನಿಧಾನ.

ಅದೂ ಅಲ್ಲದೆ ಕಂಬಿ ಇರುವ ಕಾಂಕ್ರೀಟ್ ಕಾರ್ಬನ್ ಹೀರುವುದು ನಮಗೆ ಬೇಡದ ಕೆಲಸ. ಕಾಂಕ್ರೀಟಿನ ಕ್ಷಾರ ಗುಣವೇ ಕಂಬಿಯನ್ನು ತುಕ್ಕಿನಿಂದ ಕಾಯುವುದು. ಕಾರ್ಬನ್ ಒಳಗಿಳಿದು ಕಂಬಿ ಮುಟ್ಟಿದರೆ ಆ ಕಾವಲು ಹೋಗುತ್ತದೆ, ಕಂಬಿ ತುಕ್ಕು ಹಿಡಿದು ಉಬ್ಬಿ ಸ್ಲ್ಯಾಬಿನ ತಳ ಉದುರುತ್ತದೆ. ಹಳೇ ಬಸ್ ಸ್ಟ್ಯಾಂಡುಗಳ ಸೂರಿನಲ್ಲಿ ಕಂಬಿ ಕಾಣುತ್ತಿರುತ್ತದಲ್ಲ, ಅದರಲ್ಲಿ ಇದರ ಪಾಲೂ ಇರುತ್ತದೆ. ಬೂದಿ, ಸ್ಲ್ಯಾಗ್ ಜಾಸ್ತಿ ಇದ್ದು ಕ್ಯೂರಿಂಗ್ ಕಮ್ಮಿ ಆದರೆ ಇದು ಇನ್ನೂ ಬೇಗ. ಅದಕ್ಕೇ ಮತ್ತೆ ಮತ್ತೆ ನೀರು ಹಾಕಿ ಅಂತ ಹೇಳುತ್ತಿರುವುದು.

ಸೇಡಂ_ಹುಡುಗ

ಇನ್ನೊಂದು ಮಾತು ಯಾರೂ ಹೇಳಿಲ್ಲ. ಸ್ಲ್ಯಾಗ್ ಎಷ್ಟು ಬೇಕಾದರೂ ಸಿಗುವ ವಸ್ತು ಅಲ್ಲ. ಉಕ್ಕಿನ ಕುಲುಮೆ ಎಷ್ಟು ಬಿಡುತ್ತದೋ ಅಷ್ಟೇ. ಹಾರುಬೂದಿ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ ಇಂಥ ಕಡೆ ಕಲ್ಲಿದ್ದಲು ಉರಿದರೆ ಮಾತ್ರ. ಕಲ್ಲಿದ್ದಲು ನಿಲ್ಲಬೇಕು ಅನ್ನುತ್ತೇವೆ, ಅದರ ಬೂದಿಯನ್ನೇ ನಂಬಿ ಲೆಕ್ಕ ಹಾಕುತ್ತೇವೆ. ಮತ್ತೆ, ಕುಲುಮೆಯ ಕಾರ್ಬನ್ನಿನಲ್ಲಿ ಸ್ಲ್ಯಾಗಿಗೆ ಒಂದು ಪಾಲು ಹಾಕಬೇಕು ಅಂತ ವಾದಿಸುವವರಿದ್ದಾರೆ. ಹಾಗೆ ಹಾಕಿದರೆ ಜಲ್ಲಿ ಅಣ್ಣ ಹೇಳಿದ 0.07 ಏರುತ್ತದೆ.

ಜಲ್ಲಿ_ಮರಳು

ಏರುತ್ತದೆ, ಒಪ್ಪಿದೆ. 0.07 ಬದಲು 0.2 ಹಾಕಿದರೂ ಘನ ಮೀಟರಿಗೆ 18 ಕೆ.ಜಿ. ಜಾಸ್ತಿ ಆಗುತ್ತದೆ. 106 ಉಳಿಯುತ್ತಿದ್ದದ್ದು 88 ಆಗುತ್ತದೆ. ತೀರ್ಮಾನ ಬದಲಾಗುವುದಿಲ್ಲ. ಅಂದಾಜು ಲೆಕ್ಕದಲ್ಲಿ ನಾನು ನೋಡುವುದು ಇದನ್ನೇ. ಅಂಕಿಯನ್ನು ಎರಡು ಮೂರು ಪಟ್ಟು ಏರಿಸಿ ನೋಡುತ್ತೇನೆ, ಉತ್ತರ ತಲೆಕೆಳಗಾಗದಿದ್ದರೆ ಆ ಅಂಕಿಯ ಮೇಲೆ ಜಗಳ ಬೇಡ. ಸಿಮೆಂಟ್ ಎಷ್ಟು ಕೆ.ಜಿ., ಅದರಲ್ಲಿ ಕ್ಲಿಂಕರ್ ಎಷ್ಟು, ಇವೆರಡರ ಮೇಲೆ ಬೇಕಾದರೆ ರಾತ್ರಿ ಇಡೀ ಜಗಳ ಆಡೋಣ.

ಸುಮ್ನೆ_ಕೇಳ್ದೆ

ನನಗೆ ಇನ್ನೂ ಒಂದು ಬಗೆಹರಿಯುತ್ತಿಲ್ಲ. ಮೆಟ್ರೋ, ಫ್ಲೈಓವರ್, ಅಪಾರ್ಟ್‌ಮೆಂಟ್ ಇಷ್ಟು ಕಟ್ಟುತ್ತಿರುವಾಗ ಒಬ್ಬರ ಮನೆಯ 2 ಟನ್ ಯಾವ ಲೆಕ್ಕ?

ಕರಾವಳಿ_ಕಟ್ಟಡ

ದೇಶದ ಅರ್ಧಕ್ಕಿಂತ ಜಾಸ್ತಿ ಸಿಮೆಂಟ್ ಹೋಗುವುದೇ ಮನೆ ಕಟ್ಟುವುದಕ್ಕೆ. ಈ ಒಂದೊಂದು ಮನೆಗಳೇ ಅದು. ಮೆಟ್ರೋ ಕಂಪನಿಗೆ ಎಂಜಿನಿಯರ್ ದಂಡೇ ಇದೆ, ಅವರಿಗೆ ಮಿಕ್ಸ್ ಡಿಸೈನ್ ಗೊತ್ತು. ಗೊತ್ತಿಲ್ಲದೆ ಮೂಟೆ ಮೇಲೆ ಮೂಟೆ ಸುರಿಯುವುದು ನಮ್ಮಂಥ ಮನೆಗಳಲ್ಲೇ.

ಮತ್ತೆ ನೆಲಮಂಗಲದವರೇ, ಎರಡನೇ ಸ್ಲ್ಯಾಬಿಗೆ ಫಿಲ್ಲರ್ ಸ್ಲ್ಯಾಬ್ ಯೋಚಿಸಿ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಜನಪ್ರಿಯ ಮಾಡಿದ್ದು. ಸ್ಲ್ಯಾಬಿನ ತಳಭಾಗದ ಕಾಂಕ್ರೀಟ್ ಎಳೆತ ತಡೆಯುವುದಿಲ್ಲ, ಅದನ್ನು ಹೊರುವುದು ಕಂಬಿ. ಹಾಗಾಗಿ ಕಂಬಿಗಳ ನಡುವೆ ಮಂಗಳೂರು ಹೆಂಚು ಜೋಡಿಸಿ ಅಷ್ಟು ಕಾಂಕ್ರೀಟ್ ಉಳಿಸುತ್ತಾರೆ. ಮನೆ ತಂಪಾಗಿಯೂ ಇರುತ್ತದೆ. ಹಳೇ ಮನೆ ಕೆಡವಿದ ಹೆಂಚು ಸಿಕ್ಕರೆ ಇನ್ನೂ ಒಳ್ಳೆಯದು.

ಬೀಮ್_ಕಾಲಂ

ಡಿಸೈನ್ ಮಾಡಿಸಿ ಹಾಕಿ, ನೋಡಿದ್ದನ್ನು ನೋಡಿದ ಹಾಗೆ ಮಾಡಬೇಡಿ.

ನೆಲಮಂಗಲ_ಮನೆ

ದೂರದ ಪ್ಲಾಂಟಿನ ಸ್ಲ್ಯಾಗ್ ಮಿಕ್ಸೇ ತರಿಸುತ್ತೇನೆ. ಎರಡು ಅನುಮಾನ. ಅವರು ಹೇಳಿದಷ್ಟು ಸ್ಲ್ಯಾಗ್ ಹಾಕಿದ್ದಾರೆ ಅಂತ ತಿಳಿಯುವುದು ಹೇಗೆ? ಸೆಂಟ್ರಿಂಗ್ ಯಾವಾಗ ಬಿಚ್ಚಬಹುದು?

ಜಲ್ಲಿ_ಮರಳು

ಪ್ರತಿ ಗಾಡಿಯ ಜೊತೆ ಬ್ಯಾಚ್ ಶೀಟ್ ಕೊಡಿ ಅಂತ ಆರ್ಡರ್ ಮಾಡುವಾಗಲೇ ಹೇಳಿ. ಪ್ಲಾಂಟಿನ ಕಂಪ್ಯೂಟರಿನಿಂದ ಬರುವ ಪ್ರಿಂಟ್. ಅದರಲ್ಲಿ ಒಂದೊಂದು ಬ್ಯಾಚಿಗೂ ಒಂದು ಸಾಲು, 20 ಎಂಎಂ ಜಲ್ಲಿ, 12 ಎಂಎಂ, ಎಂ ಸ್ಯಾಂಡ್, ಸಿಮೆಂಟ್, ಸ್ಲ್ಯಾಗ್, ನೀರು, ಅಡ್‌ಮಿಕ್ಸ್ಚರ್ ಎಷ್ಟು ತೂಗಿತು ಅಂತ ಕೆ.ಜಿ.ಯಲ್ಲಿ ಇರುತ್ತದೆ. ಕೆಳಗೆ ಲೋಡ್ ಆದ ಸಮಯ. ಸಾಮಾನ್ಯವಾಗಿ ಲೋಡ್ ಆಗಿ 2 ಗಂಟೆಯೊಳಗೆ ಇಳಿಸಬೇಕು. ಗಾಡಿಯಿಂದ ಇಳಿಯುವಾಗ ಗಟ್ಟಿ ಕಾಣುತ್ತಿದೆ ಅಂತ ಯಾರಾದರೂ ಪೈಪ್ ಹಿಡಿದು ನೀರು ಬಿಡಲು ಬಂದರೆ ಬಿಡಬೇಡಿ. ಅಲ್ಲೇ ಕ್ಯೂಬ್ (ಬಲ ಪರೀಕ್ಷೆಗೆ ಅದೇ ಕಾಂಕ್ರೀಟಿನಿಂದ ಅಚ್ಚಿನಲ್ಲಿ ಮಾಡುವ ತುಂಡು) ಹಾಕಿಸಿ, 7 ಮತ್ತು 28 ದಿನಕ್ಕೆ ಟೆಸ್ಟ್ ಮಾಡಿಸಿ.

ಬೀಮ್_ಕಾಲಂ

ಓಪಿಸಿಗೆ ಕೋಡ್ ಹೇಳುವುದು 4.5 ಮೀಟರ್ ತನಕದ ಸ್ಲ್ಯಾಬಿಗೆ ಜಾಕಿ 7 ದಿನ, ಅದಕ್ಕಿಂತ ಉದ್ದ ಇದ್ದರೆ 14. ಬೀಮಿಗೆ 6 ಮೀಟರ್ ತನಕ 14, ಮೇಲಿದ್ದರೆ 21. ಸ್ಲ್ಯಾಗ್ ಇರುವುದರಿಂದ ಇದನ್ನೇ ಹಾಗೇ ಹಿಡಿಯಬೇಡಿ, 7 ದಿನದ ಕ್ಯೂಬ್ ರಿಸಲ್ಟ್ ನಿಮ್ಮ ಎಂಜಿನಿಯರಿಗೆ ತೋರಿಸಿ, ಅವರು ಹೇಳಿದ ಮೇಲೆ ಬಿಚ್ಚಿ.

ಮೇಸ್ತ್ರಿ_ಮಗ

ಹಾಗಾದರೆ ಸೆಂಟ್ರಿಂಗಿನವರ ಹತ್ತಿರ ಮೂರು ವಾರದ ಬಾಡಿಗೆ ಈಗಲೇ ಮಾತಾಡಿ ಸರ್. ಪಂಪ್ ಶುರು ಮಾಡುವಾಗ ಪೈಪ್ ಜಾರಲಿ ಅಂತ ಮೊದಲು ಸಿಮೆಂಟ್ ಗಂಜಿ ಬಿಡುತ್ತಾರೆ. ಅದನ್ನು ಸ್ಲ್ಯಾಬಿನ ಮೂಲೆಗೆ ಬಿಡಿಸಬೇಡಿ, ಕೆಳಗೆ ಬಾಂಡ್ಲಿಗೆ ಹಿಡಿಸಿ. ಹುಡುಗರಿಗೆ ಮೊದಲೇ ಹೇಳಿಡಿ, ಆ ಗಡಿಬಿಡಿಯಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.